ಗಾಳಿಪಟದ ಸೂತ್ರವೂ ಪೈಲಟ್ ಪರೀಕ್ಷೆಯೂ

ಎರಡು ವರ್ಷದ ಹಿಂದೆ ನಮ್ಮ ನಗರದ ಒಂದು ಸಭೆಯಲ್ಲಿ ಕನ್ನಡ ಮಾಧ್ಯಮದ ಪ್ರಸ್ತಾಪ ಬಂದಿತು. ವೇದಿಕೆಯ ಮೇಲಿದ್ದ ಹಿರಿಯರೊಬ್ಬರು ಎದ್ದು ನಿಂತು ಹೇಳಿದರು: “ಕನ್ನಡದಲ್ಲಿ ಕವಿತೆ ಬರೆಯಬಹುದು, ಹಾಡಬಹುದು, ಜಗಳವಾಡುವುದಕ್ಕಂತೂ ಅದಕ್ಕಿಂತ ಒಳ್ಳೆಯ ಭಾಷೆಯಿಲ್ಲ. ಆದರೆ ಕನ್ನಡದಲ್ಲಿ ವಿಮಾನ ಹಾರಿಸುವುದಕ್ಕೆ ಆಗುವುದಿಲ್ಲ, ಸ್ವಾಮಿ.” ಸಭೆ ಗೊಳ್ಳೆಂದು ನಕ್ಕಿತು. ಅವರ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ನಾನೂ ನಕ್ಕೆ. ಕನ್ನಡ ಪಾಠ ಹೇಳಿ ಸಂಬಳ ತೆಗೆದುಕೊಳ್ಳುವವನು ನಾನು. ಆ ದಿನ ಹಾರವನ್ನೂ ಹಣ್ಣಿನ ಬುಟ್ಟಿಯನ್ನೂ ಸ್ವೀಕರಿಸಿ ಸಂತೋಷವಾಗಿಯೇ ಮನೆಗೆ ಬಂದೆ. ಅಲ್ಲಿ ನಕ್ಕದ್ದು ತಪ್ಪೆಂದು ನನಗೆ ತಿಳಿಸಿಕೊಟ್ಟವನು ನನ್ನ ಹಳೆಯ ವಿದ್ಯಾರ್ಥಿ. ಅದೂ ಅವನಿಗೆ ಅರಿವಿಲ್ಲದೆಯೇ.

ಈ ಹುಡುಗ ಅರಸೀಕೆರೆಯ ಕಡೆಯವನು. ತೆಂಗಿನ ತೋಟದ ಮನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿ.ಯು.ಸಿ. ವಿಜ್ಞಾನಕ್ಕೆ ನಮ್ಮಲ್ಲಿಗೆ ಬಂದಿದ್ದ. ಗಣಿತದಲ್ಲಿ ಚುರುಕು, ನನ್ನ ತರಗತಿಯಲ್ಲಿ ಕಿಟಕಿಯ ಆಚೆಗೆ ನೋಡುವುದರಲ್ಲಿ ಇನ್ನೂ ಚುರುಕು. ವಿಮಾನ ಚಾಲಕನಾಗಬೇಕೆಂಬ ಹಂಬಲ ಅವನಿಗೆ ಎಲ್ಲಿಂದ ಹತ್ತಿತೋ! ತಂದೆ ತೋಟದ ಒಂದು ಭಾಗ ಮಾರಿ, ಉಳಿದುದನ್ನು ಒತ್ತೆಯಿಟ್ಟು, ಅವನನ್ನು ವಿಮಾನ ಚಾಲನೆಯ ಶಾಲೆಯೊಂದಕ್ಕೆ ಸೇರಿಸಿದರು. ವಾಣಿಜ್ಯ ಪೈಲಟ್ ಲೈಸೆನ್ಸ್ ಎಂಬುದು ಎಷ್ಟು ದುಬಾರಿಯ ಕಾಗದವೆಂದು ನಮ್ಮಲ್ಲಿ ಅನೇಕರಿಗೆ ತಿಳಿಯದು. 200 ಗಂಟೆಗಳ ಹಾರಾಟ ಆಗಬೇಕು. ಅದರಲ್ಲಿ 100 ಗಂಟೆ ತಾನೇ ಹೊಣೆ ಹೊತ್ತು ನಡೆಸಿರಬೇಕು. ರಾತ್ರಿಯ ಹಾರಾಟ, ದೂರದ ಊರಿಗೆ ಹೋಗಿ ಇಳಿದು ಬರುವ ಹಾರಾಟ, ಉಪಕರಣಗಳನ್ನೇ ನಂಬಿ ನಡೆಸುವ ಹಾರಾಟ, ಎಲ್ಲಕ್ಕೂ ಲೆಕ್ಕವಿದೆ. ಎಲ್ಲ ಸೇರಿದರೆ ಖರ್ಚು ಅರ್ಧ ಕೋಟಿ ರೂಪಾಯಿಯ ಹತ್ತಿರಕ್ಕೆ ಹೋಗುತ್ತದೆ. ಇದರ ಮೇಲೆ ವಾಯುನಿಯಮ, ಪಥನಿರ್ಣಯ, ಹವಾಮಾನ, ವಿಮಾನದ ಯಂತ್ರಜ್ಞಾನ ಎಂಬ ಲಿಖಿತ ಪರೀಕ್ಷೆಗಳು. ಪ್ರತಿಯೊಂದರಲ್ಲಿಯೂ ನೂರಕ್ಕೆ 70 ಬಂದರೆ ಪಾಸು. ನಮ್ಮ ವಿಶ್ವವಿದ್ಯಾಲಯಗಳ 35 ಅಲ್ಲಿ ನಡೆಯುವುದಿಲ್ಲ. ನಡೆಯಲೂ ಬಾರದೆನ್ನಿ.

ದೀಪಾವಳಿಯ ರಜೆಯಲ್ಲಿ ಒಂದು ಸಂಜೆ ಅವನು ನಮ್ಮ ಮನೆಗೆ ಬಂದ. ಕೈಯಲ್ಲಿ ದಿಂಬಿನಷ್ಟು ದಪ್ಪದ ಇಂಗ್ಲಿಷ್ ಪುಸ್ತಕ. ಯಂತ್ರಜ್ಞಾನದ ಪತ್ರಿಕೆಯಲ್ಲಿ 64 ಬಂದು ಗೋತಾ ಹೊಡೆದಿದ್ದ.

“ಮೇಷ್ಟ್ರೇ, ಓದುತ್ತೇನೆ, ಬಾಯಿಪಾಠವೂ ಮಾಡುತ್ತೇನೆ. ಆದರೆ ಒಳಕ್ಕೆ ಇಳಿಯುವುದಿಲ್ಲ” ಎಂದ.

“ನಾನು ಕನ್ನಡದ ಮೇಷ್ಟ್ರಪ್ಪ. ನನ್ನ ಹತ್ತಿರ ಬಂದು ಏನು ಮಾಡುತ್ತೀಯೆ?”

“ಅದಕ್ಕೇ ಬಂದೆ” ಎಂದ ಹುಡುಗ.

ಅವನು ತೆರೆದು ತೋರಿಸಿದ ಪುಟದಲ್ಲಿ ‘ಸ್ಟಾಲ್’ ಎಂಬ ಮಾತಿತ್ತು. ನಾನು ನಿಘಂಟು ತೆಗೆದೆ. ದನದ ಕೊಟ್ಟಿಗೆ ಎಂದಿತ್ತು. ಸಂತೆಯ ಮಳಿಗೆ ಎಂದಿತ್ತು. ಎಂಜಿನ್ ನಿಂತುಹೋಗುವುದು ಎಂದೂ ಇತ್ತು. ಹುಡುಗ ಈ ಮೂರನೆಯ ಅರ್ಥವನ್ನು ಹಿಡಿದುಕೊಂಡಿದ್ದ. ಊರಿನಲ್ಲಿ ಟ್ರ್ಯಾಕ್ಟರು ಗಕ್ಕನೆ ನಿಲ್ಲುವುದನ್ನು ಕಂಡವನಲ್ಲವೆ? ಅಭ್ಯಾಸದ ಹಾರಾಟದಲ್ಲಿ ಎಂಜಿನ್ನಿನ ಬಲವನ್ನು ತಗ್ಗಿಸಿಕೊಂಡು ಸ್ಟಾಲ್ ಮಾಡಿ ತೋರಿಸುವುದುಂಟು. ಅದರಿಂದ ಅವನ ತಪ್ಪು ತಿಳಿವಳಿಕೆ ಮತ್ತಷ್ಟು ಗಟ್ಟಿಯಾಯಿತು. ಶಿಕ್ಷಕರು “ಸ್ಟಾಲ್” ಎಂದು ಕೂಗಿದಾಗ ಇವನು ಎಂಜಿನ್ನಿನ ಮುಳ್ಳು ನೋಡುತ್ತಿದ್ದನಂತೆ. ಬೈಸಿಕೊಂಡದ್ದೂ ಉಂಟು. ಏಕೆ ಬೈದರೆಂದು ಮಾತ್ರ ಗೊತ್ತಾಗಲಿಲ್ಲ.

ಸ್ಟಾಲಿಗೂ ಎಂಜಿನ್ನಿಗೂ ನೇರ ಸಂಬಂಧವಿಲ್ಲ. ಇದನ್ನು ಅರಿಯಲು ಆ ರಾತ್ರಿ ನಾವಿಬ್ಬರೂ ಊಟದ ಹೊತ್ತು ಮೀರಿ ಕುಳಿತಿದ್ದೆವು. ರೆಕ್ಕೆಯು ಎದುರುಗಾಳಿಯನ್ನು ಒಂದು ಸಣ್ಣ ಓರೆಯಲ್ಲಿ ಸಂಧಿಸುವುದರಿಂದ ವಿಮಾನ ಮೇಲೆ ನಿಲ್ಲುತ್ತದೆ. ಮೂತಿಯನ್ನು ಎತ್ತುತ್ತ ಹೋದಂತೆ ಆ ಓರೆ ಹೆಚ್ಚುತ್ತದೆ, ಎತ್ತುವ ಬಲವೂ ಒಂದು ಮಿತಿಯವರೆಗೆ ಹೆಚ್ಚುತ್ತದೆ. ಸಾಧಾರಣ ರೆಕ್ಕೆಗೆ ಆ ಮಿತಿ ಸುಮಾರು 15 ಡಿಗ್ರಿ. ಅದನ್ನು ದಾಟಿದರೆ ರೆಕ್ಕೆಯ ಬೆನ್ನಿಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಬಿಟ್ಟುಕೊಳ್ಳುತ್ತದೆ, ವಿಮಾನ ಕುಸಿಯುತ್ತದೆ. ಎಂಜಿನ್ ಎಷ್ಟು ಜೋರಾಗಿ ಮೊರೆಯುತ್ತಿದ್ದರೂ ಕುಸಿಯಬಹುದು. 2009ರ ಜೂನ್ 1ರಂದು ಅಟ್ಲಾಂಟಿಕ್ ಸಾಗರದ ಮೇಲೆ ಏರ್ ಫ್ರಾನ್ಸಿನ ದೊಡ್ಡ ವಿಮಾನವೊಂದು, ಎಂಜಿನ್ನುಗಳೆರಡೂ ನಡೆಯುತ್ತಿದ್ದ ಹಾಗೆಯೇ, ಹೀಗೆ ಬಿದ್ದು 228 ಜನ ಸತ್ತರು. ಮೂತಿಯನ್ನು ಇಳಿಸಬೇಕಾದ ಹೊತ್ತಿನಲ್ಲಿ ಹಿಡಿಯನ್ನು ಹಿಂದಕ್ಕೆ ಎಳೆಯುತ್ತಲೇ ಇದ್ದರು. ಅಲ್ಲಿ ಭಾಷೆಯೇ ಕಾರಣವೆಂದು ನಾನು ಹೇಳಹೊರಟಿಲ್ಲ. ಹಾಗೆ ಹೇಳಿದರೆ ಸತ್ತವರಿಗೂ ಸತ್ಯಕ್ಕೂ ಅಪಚಾರ. ಈ ಒಂದು ಮಾತು ಅನುಭವಸ್ಥರ ಕೈಯಲ್ಲಿಯೂ ತಪ್ಪಿಹೋಗುವಷ್ಟು ಸೂಕ್ಷ್ಮವಾದುದು. ಕಲಿಯುವವನ ತಲೆಯಲ್ಲಿ ಅದು ಕೊಟ್ಟಿಗೆಯೋ ಮಳಿಗೆಯೋ ನಿಂತ ಟ್ರ್ಯಾಕ್ಟರೋ ಆಗಿ ಕುಳಿತಿರಬಾರದು ಎಂದಷ್ಟೇ ಹೇಳುತ್ತಿದ್ದೇನೆ.

ನನಗೆ ಆ ಹೊತ್ತಿಗೆ ಆಷಾಢದ ನೆನಪಾಯಿತು. “ಊರಿನಲ್ಲಿ ಪಟಕ್ಕೆ ಸೂತ್ರ ಕಟ್ಟಿಲ್ಲವೇನಯ್ಯಾ?” ಎಂದು ಕೇಳಿದೆ. ಕಟ್ಟಿದ್ದ. ಎಷ್ಟು ಸಲವೋ ಕಟ್ಟಿದ್ದ. ಸೂತ್ರದ ಗಂಟು ಮೇಲೆ ಕೆಳಗೆ ಸರಿದಂತೆಲ್ಲ ಪಟ ಗಾಳಿಗೆ ಮುಖವೊಡ್ಡುವ ಓರೆ ಬದಲಾಗುತ್ತದೆಂದು ಆ ಹುಡುಗನ ಬೆರಳಿಗೆ ಗೊತ್ತಿತ್ತು. ಓರೆ ಸಾಲದಿದ್ದರೆ ಏರುವುದಿಲ್ಲ. ಅತಿಯಾದರೆ ಎದೆಯೊಡ್ಡಿ ನಿಂತು, ನಡುಗಿ, ಗೋತಾ ಹೊಡೆಯುತ್ತದೆ. ನಡುಗುವುದೆಂದೆನಲ್ಲ, ವಿಮಾನವೂ ಸ್ಟಾಲ್ ಆಗುವ ಮುಂಚೆ ಹಾಗೆಯೇ ನಡುಗುತ್ತದೆಂದು ಅವನ ಪುಸ್ತಕದಲ್ಲಿಯೇ ಬರೆದಿತ್ತು. ಹುಡುಗ ಒಂದು ನಿಮಿಷ ಸುಮ್ಮನೆ ಕುಳಿತಿದ್ದು, “ಗೋತಾ!” ಎಂದು ಕೂಗಿ ತೊಡೆ ತಟ್ಟಿಕೊಂಡ. ಹೋಲಿಕೆ ಪೂರ್ತಿ ಸರಿಯಲ್ಲವೆಂದು ನನಗೆ ಗೊತ್ತು. ಪಟಕ್ಕೆ ದಾರವಿದೆ, ವಿಮಾನಕ್ಕಿಲ್ಲ. ಆದರೆ ಅರ್ಥವೆಂಬುದು ಒಳಹೋಗಲು ಒಂದು ಬಾಗಿಲು ಬೇಕು. ಎರಡು ತಿಂಗಳು ಇಂಗ್ಲಿಷಿನಲ್ಲಿ ತಟ್ಟಿದರೂ ತೆರೆಯದ ಬಾಗಿಲು ಒಂದು ಕನ್ನಡ ಮಾತಿಗೆ ತೆರೆದುಕೊಂಡಿತು.

ಆಮೇಲೆ ನಾವು ಸುಮ್ಮನಿರಲಿಲ್ಲ. ಪ್ರತಿ ರಜೆಯಲ್ಲಿಯೂ ಅವನು ಬಂದ. ಬರಲಾಗದಾಗ ಫೋನು ಮಾಡಿದ. ಇಂಗ್ಲಿಷ್ ಪುಸ್ತಕಗಳಲ್ಲಿ ‘ಆಟಿಟ್ಯೂಡ್’ ಎಂದೊಂದು, ‘ಆಲ್ಟಿಟ್ಯೂಡ್’ ಎಂದೊಂದು ಮಾತಿದೆ. ಕಿವಿಗೆ ಅವು ಅಣ್ಣತಮ್ಮಂದಿರು. ಎರಡನೆಯದು ಎತ್ತರ. ಮೊದಲನೆಯದು ಏನು? ದಿಗಂತಕ್ಕೆ ಎದುರಾಗಿ ವಿಮಾನ ಯಾವ ಭಂಗಿಯಲ್ಲಿ ನಿಂತಿದೆ ಎಂಬುದು. ಕನ್ನಡದಲ್ಲಿ ‘ನಿಲುವು’. ಮನುಷ್ಯನ ಮನಸ್ಸಿನ ಆಟಿಟ್ಯೂಡಿಗೂ ನಾವು ನಿಲುವು ಎಂದೇ ಅನ್ನುತ್ತೇವೆ! ಇಂಗ್ಲಿಷಿನ ಒಂದು ಮಾತಿನ ಎರಡು ಅರ್ಥಗಳನ್ನೂ ನಮ್ಮ ಒಂದು ಮಾತು ಹೊತ್ತುಕೊಂಡು ಕುಳಿತಿರುವಾಗ, ಯಾರೂ ಅದನ್ನು ಎಬ್ಬಿಸಿ ಕೆಲಸ ಹೇಳಿರಲಿಲ್ಲ. ‘ಬ್ಯಾಂಕ್’ ಎಂದರೆ ವಾಲುವುದು. (ಅಪ್ಪ ಸಾಲ ತಂದ ಜಾಗವೆಂಬ ಅರ್ಥವೇ ಇವನ ಮನಸ್ಸಿಗೆ ಮೊದಲು ಬರುತ್ತಿತ್ತಂತೆ, ಪಾಪ, ಅದೂ ಸುಳ್ಳಲ್ಲ.) ಪಥನಿರ್ಣಯದಲ್ಲಿ ‘ಹೆಡಿಂಗ್’ ಬೇರೆ, ‘ಟ್ರ್ಯಾಕ್’ ಬೇರೆ. ಅಡ್ಡಗಾಳಿ ಬೀಸುವಾಗ ಮೂತಿ ಒಂದು ಕಡೆಗಿರುತ್ತದೆ, ಸಾಗುವ ದಾರಿ ಇನ್ನೊಂದು ಕಡೆಗಿರುತ್ತದೆ. ಹೊಳೆಯಲ್ಲಿ ಹುಟ್ಟು ಹಾಕುವವನು ಎದುರುದಡದ ಕಲ್ಲಿಗೆ ತಲುಪಬೇಕಾದರೆ ನೀರಿನ ಮೇಲುಮುಖಕ್ಕೆ ಓರೆಹಿಡಿದು ಸಾಗುತ್ತಾನಲ್ಲ, ಅದೇ ಲೆಕ್ಕ. ನಾವು ಅವಕ್ಕೆ ಮುಖ, ಜಾಡು ಎಂದು ಹೆಸರಿಟ್ಟೆವು. ನಡುವಿನ ವ್ಯತ್ಯಾಸಕ್ಕೆ ಸೆಳೆತವೆಂದೆವು. ಪಡುವಣ ಗಾಳಿಯೆಂದರೆ ಪಡುವಣದಿಂದ ಬರುವ ಗಾಳಿ, ಪಡುವಣಕ್ಕೆ ಹೋಗುವುದಲ್ಲ ಎಂದು ರೈತನ ಮಗನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿದೆ. ಬೇಸಗೆಯ ಮಧ್ಯಾಹ್ನ ಇಲ್ಲಿಯ ಗಾಳಿ ಕಾದು ಇನ್ನಷ್ಟು ತೆಳ್ಳಗಾಗುತ್ತದೆ, ರೆಕ್ಕೆಗೆ ಹಿಡಿತ ಸಾಲದೆ ವಿಮಾನಕ್ಕೆ ಓಡಲು ಹೆಚ್ಚು ದೂರ ಬೇಕಾಗುತ್ತದೆ. ಇದನ್ನು ‘ಡೆನ್ಸಿಟಿ ಆಲ್ಟಿಟ್ಯೂಡ್’ ಎನ್ನುತ್ತಾರೆ. ‘ತೆಳುಗಾಳಿಯ ಲೆಕ್ಕ’ ಎಂದು ನಾವು ಬರೆದುಕೊಂಡೆವು. ವಿದ್ವಾಂಸರು ನಗಬಹುದು. ಹುಡುಗನಿಗೆ ಅರ್ಥವಾಯಿತು.

ಎಲ್ಲ ಕಡೆಯೂ ಹೀಗೆ ಸುಲಭವಾಗಲಿಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು. ನೆಲದಿಂದ ಅಳೆದ ಎತ್ತರ, ಸಮುದ್ರಮಟ್ಟದಿಂದ ಅಳೆದ ಎತ್ತರ, ಗೊತ್ತುಮಾಡಿದ ಒಂದು ಒತ್ತಡದಿಂದ ಲೆಕ್ಕ ಹಾಕಿದ ಎತ್ತರ: ವಿಮಾನಯಾನದಲ್ಲಿ ಈ ಮೂರೂ ಬೇರೆ ಬೇರೆ, ಒಂದನ್ನು ಇನ್ನೊಂದೆಂದು ತಿಳಿದರೆ ಗುಡ್ಡಕ್ಕೆ ಬಡಿಯುವುದುಂಟು. ನಮ್ಮಲ್ಲಿ ಮೂರಕ್ಕೂ ‘ಎತ್ತರ’ವೇ. ಆದರೆ ಇಂಗ್ಲಿಷಿನ ‘ಹೈಟ್’, ‘ಆಲ್ಟಿಟ್ಯೂಡ್’ ಕೂಡ ಮನೆಮಾತಿನಲ್ಲಿ ಪರ್ಯಾಯಪದಗಳೇ ಆಗಿದ್ದವು. ವಿಮಾನದವರು ಕುಳಿತು, ಇದು ಇದಕ್ಕೆ, ಅದು ಅದಕ್ಕೆ ಎಂದು ಗೊತ್ತುಮಾಡಿದರು. ಗೊತ್ತುಮಾಡುವ ಕೆಲಸ ಯಾವ ಭಾಷೆಯಲ್ಲಿಯೂ ತಾನಾಗಿ ಆಗುವುದಿಲ್ಲ.

ಇಂಗ್ಲಿಷಿನಲ್ಲಿಯೇ ಈ ಹೆಸರುಗಳು ಎಷ್ಟು ಅಡ್ಡದಾರಿ ಹಿಡಿಸುತ್ತವೆಂಬುದಕ್ಕೆ ವೂಲ್ಫ್‌ಗ್ಯಾಂಗ್ ಲಾಂಗೆವೀಶೆ ಎಂಬವರ ಸಾಕ್ಷಿಯಿದೆ. ಜರ್ಮನಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಈ ಪೈಲಟ್ 1944ರಲ್ಲಿ ‘ಸ್ಟಿಕ್ ಅಂಡ್ ರಡರ್’ ಎಂಬ ಪುಸ್ತಕ ಬರೆದರು. ಹಾರಲು ಕಲಿಯುವವರು ಇಂದಿಗೂ ಅದನ್ನು ಓದುತ್ತಾರೆ. ವಿಮಾನದ ಬಾಲದಲ್ಲಿರುವ ‘ಎಲಿವೇಟರ್’ ಎಂಬ ಹಲಗೆಗೆ ಆ ಹೆಸರೇ ತಪ್ಪು, ಅದು ವಿಮಾನವನ್ನು ಮೇಲಕ್ಕೆತ್ತುವ ಸಾಧನವಲ್ಲ, ರೆಕ್ಕೆಯ ಓರೆಯನ್ನು ಹಿಡಿದಿಡುವ ಸಾಧನ, ಹೆಸರನ್ನು ನಂಬಿ ಎಳೆದವರು ಪ್ರಾಣ ಕಳೆದುಕೊಳ್ಳುತ್ತಾರೆ ಎಂಬುದು ಅವರ ವಾದದ ತಿರುಳು. ಆ ಮಾತನ್ನೇ ಬಿಟ್ಟು ಬೇರೆ ಹೆಸರು ಬಳಸಿದರು. ಇಂಗ್ಲಿಷ್ ಬಲ್ಲವರಿಗೇ ಇಂಗ್ಲಿಷ್ ಪದವನ್ನು ಬಿಡಿಸಿ ಹೇಳಬೇಕಾಯಿತು! ಹಾಗಿರುವಾಗ, ಆ ಪದವನ್ನು ನುಂಗಿಸಿದರೆ ತಿಳಿವಳಿಕೆಯೂ ಹೊಟ್ಟೆಗೆ ಹೋಯಿತೆಂದು ನಮ್ಮ ಮಹನೀಯರು ಯಾವ ಧೈರ್ಯದಿಂದ ಹೇಳುತ್ತಾರೆ?

ಅವರ ಕೈಯಲ್ಲಿ ಒಂದು ಬಲವಾದ ಅಸ್ತ್ರವಿದೆ. ಅದನ್ನು ಮರೆಮಾಚುವುದು ನ್ಯಾಯವಲ್ಲ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿಯ ವಿಮಾನವೂ ಕಜಾಕಿಸ್ತಾನದ ವಿಮಾನವೂ ಆಕಾಶದಲ್ಲಿ ಡಿಕ್ಕಿ ಹೊಡೆದು 349 ಜನ ಸತ್ತರು. ಕಜಾಕ್ ವಿಮಾನ ತನಗೆ ಕೊಟ್ಟ ಎತ್ತರದಿಂದ ಕೆಳಗೆ ಇಳಿದಿತ್ತು. ಆ ಸಿಬ್ಬಂದಿಯ ಇಂಗ್ಲಿಷ್ ಕುಂಟುತ್ತಿತ್ತೆಂಬ ವಿಷಯ ವಿಚಾರಣೆಯಲ್ಲಿ ಮುಖ್ಯವಾಗಿ ಬಂದಿತು. ಇಂಥ ದುರಂತಗಳ ಫಲವಾಗಿಯೇ ಅಂತರರಾಷ್ಟ್ರೀಯ ಹಾರಾಟ ನಡೆಸುವ ಪೈಲಟ್‌ಗೆ ಇಂಗ್ಲಿಷಿನಲ್ಲಿ ಕನಿಷ್ಠ ನಾಲ್ಕನೆಯ ದರ್ಜೆಯ ಸಾಮರ್ಥ್ಯವಿರಬೇಕೆಂಬ ನಿಯಮ 2008ರ ಮಾರ್ಚಿನಿಂದ ಜಾರಿಗೆ ಬಂದಿತು. ಸರಿಯಾದ ನಿಯಮ. ನನ್ನ ವಿದ್ಯಾರ್ಥಿಯೂ ಆ ಇಂಗ್ಲಿಷನ್ನು ಕಲಿಯಲೇಬೇಕು, ವಿಮಾನದ ಕೈಪಿಡಿಯನ್ನು ಓದಲೇಬೇಕು. ರೇಡಿಯೋದಲ್ಲಿ ಕನ್ನಡ ಮಾತಾಡಲಿ ಎಂದು ನಾನು ಕೇಳುತ್ತಿಲ್ಲ.

ಆದರೆ ಆ ರೇಡಿಯೋ ಇಂಗ್ಲಿಷ್ ಎಂಥದು? ಅದು ಷೇಕ್ಸ್‌ಪಿಯರನದೂ ಅಲ್ಲ, ನಮ್ಮ ಕಾನ್ವೆಂಟುಗಳದೂ ಅಲ್ಲ. ಅದರಲ್ಲಿ 3 ಎಂಬುದನ್ನು ‘ಟ್ರೀ’ ಎನ್ನಬೇಕು, 5 ಎಂಬುದನ್ನು ‘ಫೈಫ್’ ಎನ್ನಬೇಕು, 9 ಎಂಬುದನ್ನು ‘ನೈನರ್’ ಎನ್ನಬೇಕು. ಆಲ್ಫಾ, ಬ್ರಾವೋ ಎಂದು ಅಕ್ಷರ ಹೇಳುವ ಪದಮಾಲೆ 1956ರಿಂದ ಬಳಕೆಯಲ್ಲಿದೆ. ಅದರಲ್ಲಿ ಜೂಲಿಯೆಟ್ ಎಂಬ ಹೆಸರಿನ ಕೊನೆಗೆ ಇನ್ನೊಂದು ‘ಟಿ’ ಅಕ್ಷರವನ್ನು ಸೇರಿಸಿದ್ದಾರೆ, ಫ್ರೆಂಚರು ತಮ್ಮ ರೂಢಿಯಂತೆ ಕೊನೆಯ ‘ಟಿ’ಯನ್ನು ನುಂಗಿಬಿಡದಿರಲೆಂದು! ಅಂದರೆ ಪರರ ನಾಲಗೆಗೆ ಒಗ್ಗುವಂತೆ ಇಂಗ್ಲಿಷೇ ಬಾಗಿದೆ. ಕೆಲವು ನೂರು ಗೊತ್ತಾದ ಮಾತುಗಳು, ಜೊತೆಗೆ ಅನಿರೀಕ್ಷಿತವಾದುದನ್ನು ಸರಳವಾಗಿ ಹೇಳುವಷ್ಟು ಭಾಷೆ. ನಾಲ್ಕನೆಯ ದರ್ಜೆಯ ನಿಯಮವೂ ಉಚ್ಚಾರದಲ್ಲಿ ತಾಯಿನುಡಿಯ ಛಾಯೆ ಇರಬಾರದೆಂದು ಹೇಳುವುದಿಲ್ಲ. ಕೇಳುವವನಿಗೆ ತಿಳಿಯುವಂತಿರಬೇಕೆಂದು ಹೇಳುತ್ತದೆ. ಇದನ್ನು ಅರಸೀಕೆರೆಯ ಹುಡುಗ ಆರು ತಿಂಗಳಲ್ಲಿ ಕಲಿತ. ಇದಕ್ಕಾಗಿ ಅವನು ಒಂದನೆಯ ತರಗತಿಯಿಂದ ‘ರೈನ್ ರೈನ್ ಗೋ ಅವೇ’ ಹಾಡಿರಬೇಕಾಗಿರಲಿಲ್ಲ. ಮಳೆಯನ್ನು ಹೋಗೆನ್ನುವ ಆ ಪದ್ಯವನ್ನು ಅರಸೀಕೆರೆಯಲ್ಲಿ ಹಾಡಿಸುವವರ ಬುದ್ಧಿಗೆ ಏನೆನ್ನೋಣ!

ಇಂಗ್ಲಿಷ್ ಇದ್ದ ಮಾತ್ರಕ್ಕೆ ಸುರಕ್ಷತೆಯಿದೆ ಎನ್ನುವವರು 1977ರ ಮಾರ್ಚ್ 27ರ ಟೆನೆರೀಫ್ ದುರಂತವನ್ನು ನೆನೆಯಬೇಕು. ಮಂಜು ಮುಸುಕಿದ ರನ್‌ವೇಯ ಮೇಲೆ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಅಲ್ಲಿದ್ದ ಡಚ್ಚರು, ಸ್ಪೇನಿನವರು, ಅಮೆರಿಕದವರು, ಎಲ್ಲರೂ ಮಾತಾಡಿದ್ದು ಇಂಗ್ಲಿಷಿನಲ್ಲಿಯೇ. ‘ಟೇಕಾಫ್’ ಎಂಬ ಒಂದು ಮಾತನ್ನು ಹೊರಟೆವೆಂದೂ ತಿಳಿಯಬಹುದಾಗಿತ್ತು, ಹೊರಡಲು ಸಿದ್ಧವಾಗಿ ನಿಂತಿದ್ದೇವೆಂದೂ ತಿಳಿಯಬಹುದಾಗಿತ್ತು. ಅಂದಿನಿಂದ, ಹೊರಡುವ ಅಪ್ಪಣೆ ಕೊಡುವಾಗ ಅಥವಾ ರದ್ದುಮಾಡುವಾಗ ಹೊರತು ಆ ಮಾತನ್ನು ಉಚ್ಚರಿಸಬಾರದೆಂದು ಕಟ್ಟುಮಾಡಿದರು. ಭಾಷೆಯ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವ ವೃತ್ತಿ ಇನ್ನೊಂದಿಲ್ಲ. ನಿಜಕ್ಕೂ ನಮ್ಮ ವೈಯಾಕರಣರು ಹೋಗಿ ಕುಳಿತು ನೋಡಬೇಕಾದ ಜಾಗ ಅದು.

ಇನ್ನು ಹೊರದೇಶಗಳ ಮಾತು. ನೆಲದ ಠಾಣೆಯವರು ಸಾಮಾನ್ಯವಾಗಿ ಬಳಸುವ ಭಾಷೆಯಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ವ್ಯವಹರಿಸಬಹುದೆಂದೇ ಅಂತರರಾಷ್ಟ್ರೀಯ ನಿಯಮವಿದೆ. ಫ್ರಾನ್ಸಿನ ಪೈಲಟ್ ಫ್ರಾನ್ಸಿನಲ್ಲಿ ಫ್ರೆಂಚಿನಲ್ಲಿ ಮಾತಾಡುತ್ತಾನೆ. ಪರೀಕ್ಷೆಯನ್ನೂ ಫ್ರೆಂಚಿನಲ್ಲಿ ಬರೆಯಬಹುದು. ಜಪಾನಿನಲ್ಲಿ ಜಪಾನಿಯಲ್ಲಿ ಬರೆಯುತ್ತಾರೆ, ಬ್ರೆಜಿಲ್‌ನಲ್ಲಿ ಪೋರ್ಚುಗೀಸಿನಲ್ಲಿ. ಕೆನಡಾದ ಕ್ವಿಬೆಕ್ ಪ್ರಾಂತದವರ ಕಥೆ ನಮಗೆ ಹೆಚ್ಚು ಹತ್ತಿರದ್ದು. ಅಲ್ಲಿಯ ಫ್ರೆಂಚ್ ಮಾತಿನ ಪೈಲಟ್‌ಗಳೂ ನಿಯಂತ್ರಕರೂ ತಮ್ಮ ನುಡಿಯಲ್ಲಿ ಮಾತಾಡುವ ಹಕ್ಕು ಕೇಳಿದಾಗ, ಇದರಿಂದ ಸುರಕ್ಷತೆ ಕೆಡುತ್ತದೆಂದು ಬೊಬ್ಬೆಯೆದ್ದಿತು. 1976ರ ಜೂನಿನಲ್ಲಿ, ಮಾಂಟ್ರಿಯಲ್ ಒಲಿಂಪಿಕ್ಸ್ ಇನ್ನೇನು ಆರಂಭವಾಗಬೇಕೆನ್ನುವಾಗ, ಇಂಗ್ಲಿಷ್ ಪಕ್ಷದ ಪೈಲಟ್‌ಗಳು ಮುಷ್ಕರ ಹೂಡಿ ದೇಶದ ವಿಮಾನಗಳನ್ನು ನಿಲ್ಲಿಸಿದರು. ಸರ್ಕಾರ ಮೂವರು ನ್ಯಾಯಾಧೀಶರ ಆಯೋಗವನ್ನು ನೇಮಿಸಿತು. ಎರಡು ಭಾಷೆಗಳಿಂದ ಸುರಕ್ಷತೆಗೆ ಧಕ್ಕೆಯಿಲ್ಲವೆಂದು 1979ರಲ್ಲಿ ಆಯೋಗ ಹೇಳಿತು. ಕ್ವಿಬೆಕ್ಕಿನ ಆಕಾಶದಲ್ಲಿ ಇಂದಿಗೂ ಫ್ರೆಂಚ್ ಕೇಳಿಬರುತ್ತದೆ. ನಾನು ಅಷ್ಟು ದೂರ ಹೋಗುತ್ತಿಲ್ಲ. ಕಲಿಕೆಯಲ್ಲಿ ಕನ್ನಡವಿರಲಿ, ಪ್ರಶ್ನಪತ್ರಿಕೆಯಲ್ಲಿ ಇಂಗ್ಲಿಷಿನ ಕೆಳಗೆ ಕನ್ನಡದ ಒಂದು ಸಾಲಿರಲಿ ಎಂದು ಕೇಳುತ್ತಿದ್ದೇನೆ, ಅಷ್ಟೆ. ವೈದ್ಯರಾಗಬಯಸುವವರ ‘ನೀಟ್’ ಪ್ರಶ್ನಪತ್ರಿಕೆ 2017ರಲ್ಲಿಯೇ ಕನ್ನಡದಲ್ಲಿ ಬಂದಿತು. ನಾಳೆ ನನ್ನ ಹೃದಯವನ್ನು ಬಿಚ್ಚಿ ಹೊಲಿಯುವವನು ಕನ್ನಡದಲ್ಲಿ ಪರೀಕ್ಷೆ ಬರೆಯಬಹುದು. ನನ್ನನ್ನು ಹುಬ್ಬಳ್ಳಿಗೆ ಕೊಂಡೊಯ್ಯುವವನು ಬರೆಯಬಾರದೆ?

ಭಾರತದ ಒಂದನೆಯ ನಂಬರಿನ ಪೈಲಟ್ ಲೈಸೆನ್ಸನ್ನು 1929ರ ಫೆಬ್ರವರಿಯಲ್ಲಿ ಪಡೆದ ಜೆ.ಆರ್.ಡಿ. ತಾತಾ ಅವರು ಪ್ಯಾರಿಸಿನಲ್ಲಿ ಹುಟ್ಟಿದವರು, ತಾಯಿ ಫ್ರೆಂಚಿನವರು, ಅವರ ಮೊದಲ ನುಡಿಯೂ ಫ್ರೆಂಚೇ. ಇಂಗ್ಲಿಷ್ ತೊಟ್ಟಿಲಿನಲ್ಲಿ ಮಲಗಿದವರಿಗೆ ಮಾತ್ರ ಆಕಾಶ ಎಂಬ ಕಟ್ಟಳೆ ಅಂದೇ ಇರಲಿಲ್ಲ.

ಇಷ್ಟು ಹೊತ್ತು ಇಂಗ್ಲಿಷಿನ ಭಕ್ತರೊಡನೆ ಜಗಳವಾಯಿತು. ನನ್ನ ಜಗಳದ ಇನ್ನರ್ಧ ನಮ್ಮವರೊಡನೆಯೇ. ವಿಮಾನದ ಮಾತೆತ್ತಿದ ಕೂಡಲೇ ಎದೆಯುಬ್ಬಿಸಿ, “ಅದೆಲ್ಲ ನಮ್ಮಲ್ಲಿ ಹಿಂದೆಯೇ ಇತ್ತು” ಎನ್ನುವ ಒಂದು ಪಂಗಡವಿದೆ. ಇವರ ಆಧಾರಗ್ರಂಥ ‘ವೈಮಾನಿಕ ಶಾಸ್ತ್ರ’. ಅದು ಭರದ್ವಾಜ ಮಹರ್ಷಿಗಳ ಕೃತಿಯೆಂದು ಹೇಳಿ, ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಕಳೆದ ಶತಮಾನದ ಮೊದಲ ದಶಕಗಳಲ್ಲಿ ಬಾಯಿಂದ ಹೇಳಿ ಬರೆಯಿಸಿದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು 1974ರಲ್ಲಿ ಅದನ್ನು ತಾಳ್ಮೆಯಿಂದ ಪರಿಶೀಲಿಸಿ, ಗ್ರಂಥ ಪ್ರಾಚೀನವಲ್ಲವೆಂದೂ ಅದರಲ್ಲಿ ವರ್ಣಿಸಿದ ವಿಮಾನಗಳು ಹಾರಲಾರವೆಂದೂ ತೋರಿಸಿದರು. ಆದರೂ 2015ರಲ್ಲಿ ಮುಂಬಯಿಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಅದೇ ಪುರಾಣ ಮತ್ತೆ ವೇದಿಕೆ ಏರಿತು. ಪುಷ್ಪಕವಿಮಾನ ಕವಿಯ ಕಲ್ಪನೆಯಾಗಿ ಸುಂದರವಾದುದು, ನಾನು ಪ್ರತಿವರ್ಷ ಪಾಠ ಹೇಳುತ್ತೇನೆ. ಅದನ್ನು ಕಾರ್ಖಾನೆಗೆ ಎಳೆದುತಂದು ಅವಮಾನ ಮಾಡಬೇಡಿ. ಹಿಂದೆ ಹಾರಿದ್ದೆವೆಂದು ಹೇಳಿಕೊಳ್ಳುವ ಉತ್ಸಾಹದಲ್ಲಿ ನೂರನೆಯ ಒಂದು ಪಾಲಾದರೂ ಇಂದು ಹಾರುವ ಹುಡುಗನ ಹವಾಮಾನದ ಪಾಠದ ಕಡೆಗೆ ತಿರುಗಿದ್ದರೆ!

ಇನ್ನೊಂದು ಪಂಗಡ ಪಾರಿಭಾಷಿಕ ಪದಗಳ ಕಮ್ಮಟದವರದು. ಇವರ ಕೈಗೆ ಸಿಕ್ಕಿದರೆ ರನ್‌ವೇ ‘ಧಾವನಪಥ’ವಾಗುತ್ತದೆ, ಪೈಲಟ್ ‘ವಿಮಾನಚಾಲನಾಧಿಕಾರಿ’ಯಾಗುತ್ತಾನೆ, ಓದುವ ಹುಡುಗ ಇಂಗ್ಲಿಷೇ ವಾಸಿಯೆಂದು ಓಡಿಹೋಗುತ್ತಾನೆ. ಜನರ ಬಾಯಲ್ಲಿ ಕುಳಿತ ಪೈಲಟ್, ರನ್‌ವೇ, ಎಂಜಿನ್, ಟೇಕಾಫ್ ಎಂಬುವು ಹಾಗೆಯೇ ಇರಲಿ. ಪಥನಿರ್ಣಯ ಎಂದು ಮೇಲೆ ಬರೆದವನು ನಾನೇ, ಆ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಹುಡುಗ ಅದನ್ನು ‘ದಾರಿ ಲೆಕ್ಕ’ ಎನ್ನುತ್ತಾನೆ, ಅವನದೇ ಮೇಲು. ಬೇಕಾದುದು ಪದಗಳ ಪಟ್ಟಿಯಲ್ಲ, ವಿವರಣೆ. ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿಯೇ ಗೆಳೆಯರೊಡಗೂಡಿ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದರು. ಶಿವರಾಮ ಕಾರಂತರು ಒಬ್ಬರೇ ಕುಳಿತು ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಬರೆದರು. ಅವರಿಗೆ ಪದ ಸಾಲದೆಂಬ ಅಳು ಇರಲಿಲ್ಲ.

ಜಕ್ಕೂರಿನಲ್ಲಿ ಸರ್ಕಾರದ ವಿಮಾನ ಚಾಲನೆಯ ಶಾಲೆ 1949ರಲ್ಲಿಯೇ ಆರಂಭವಾಯಿತು. ಉಷಾ ಸುಂದರಂ ಎಂಬ ಹೆಣ್ಣುಮಗಳು ಅದೇ ವರ್ಷ ಅಲ್ಲಿ ಕಲಿತು ಪೈಲಟ್ ಆದರು. ಮುಕ್ಕಾಲು ಶತಮಾನ ಕಳೆಯಿತು. ಲೈಸೆನ್ಸ್ ಪರೀಕ್ಷೆಗೆ ಓದುವವನ ಕೈಗೆ ಕೊಡಬಹುದಾದ ಕನ್ನಡದ ಒಂದು ಪುಸ್ತಕವನ್ನು ಹುಡುಕಿಕೊಂಡು ನಾನು ಮೂರು ಗ್ರಂಥಾಲಯಗಳನ್ನು ಸುತ್ತಿ ಬರಿಗೈಯಲ್ಲಿ ಬಂದೆ. ಇದಕ್ಕೆ ಹಾರಲು ಕಲಿಸುವವರನ್ನು ದೂರುವುದಿಲ್ಲ. ಅವರ ಕೆಲಸ ಹಾರಿಸುವುದು. ದೂರು ನಮ್ಮ ಮೇಲೆ. ಪಂಪನ ಒಂದು ಪದಕ್ಕೆ ನಾಲ್ಕು ಅರ್ಥ ಹೇಳಿ ಪರಸ್ಪರ ಖಂಡಿಸುವ ನಾವು ‘ಸ್ಟಾಲ್’ ಎಂಬುದಕ್ಕೆ ಒಂದು ಅರ್ಥ ಹೇಳಲು ಹೋಗಲಿಲ್ಲ.

ಇದು ಭಾಷಾಭಿಮಾನದ ಹಟವೆಂದು ಕೆಲವರಿಗೆ ತೋರಬಹುದು. ಲೆಕ್ಕದ ಭಾಷೆಯಲ್ಲಿಯೇ ಹೇಳುತ್ತೇನೆ. ಹಾರಾಟದ ಒಂದೊಂದು ಗಂಟೆಗೂ ಸಾವಿರಾರು ರೂಪಾಯಿ ತೆರಬೇಕು. ನೆಲದ ಮೇಲೆ ಅರ್ಥವಾಗದೆ ಹೋದ ಪಾಠವನ್ನು ಆಕಾಶದಲ್ಲಿ ಮತ್ತೆ ಮತ್ತೆ ಮಾಡಿಸುತ್ತಾರೆ. ಆ ಗಂಟೆಗಳ ಹಣವೂ ತಂದೆಯ ತೋಟದಿಂದಲೇ ಬರಬೇಕು. ನಗರದ ಇಂಗ್ಲಿಷ್ ಶಾಲೆಯ ಹುಡುಗ ಕೊಡದ ದಂಡವನ್ನು ಹಳ್ಳಿಯವನು ಕೊಡುತ್ತಾನೆ. ನನ್ನ ವಿದ್ಯಾರ್ಥಿಯ ಜೊತೆಗೆ ಸೇರಿದ್ದ ಇನ್ನೊಬ್ಬ ಹುಡುಗನಿದ್ದ, ಬಳ್ಳಾರಿಯ ಕಡೆಯವನು. ಕೈ ಇವನಿಗಿಂತ ನಯವಾಗಿತ್ತಂತೆ, ನೆಲಕ್ಕಿಳಿಸುವುದನ್ನು ನೋಡಿ ಶಿಕ್ಷಕರೇ ಮೆಚ್ಚಿದ್ದರಂತೆ. ಪರೀಕ್ಷೆಗಳಲ್ಲಿ ಮೂರು ಸಲ ಜಾರಿ, ಹಣ ಮುಗಿದು, ಊರಿಗೆ ಹಿಂದಿರುಗಿದ. ಈಗ ಲಾರಿಯ ಲೆಕ್ಕ ನೋಡಿಕೊಂಡಿದ್ದಾನೆ. ನಾನು ಸಭೆಯಲ್ಲಿ ನಕ್ಕದ್ದು ನೆನಪಾದಾಗಲೆಲ್ಲ, ನೋಡದ ಆ ಹುಡುಗನ ಮುಖ ಕಣ್ಣಿಗೆ ಕಟ್ಟುತ್ತದೆ.

ನಮ್ಮ ಹುಡುಗ ಎರಡನೆಯ ಸಲ 81 ತೆಗೆದ. ಉಳಿದವೂ ಒಂದೊಂದಾಗಿ ಆದವು. ಕಳೆದ ಶ್ರಾವಣದಲ್ಲಿ ಲೈಸೆನ್ಸ್ ಬಂದಿತು. ಕೆಲಸ ಇನ್ನೂ ಸಿಕ್ಕಿಲ್ಲ. ಅದು ಬೇರೆ ಕಥೆ. ನಾವಿಬ್ಬರೂ ಬರೆದ ನೋಟು ಪುಸ್ತಕಗಳನ್ನು ಅವನು ನನ್ನಲ್ಲಿಯೇ ಬಿಟ್ಟುಹೋಗಿದ್ದಾನೆ. ನಾಲ್ಕು ಪುಸ್ತಕ, ಅವನ ಚಿತ್ರಗಳೂ ಸೇರಿ 212 ಪುಟ. ಹವಾಮಾನದ ಅಧ್ಯಾಯದಲ್ಲಿ ತಪ್ಪುಗಳಿರಬಹುದು, ಬಲ್ಲವರೊಬ್ಬರು ನೋಡಿಕೊಡಬೇಕು. ಪ್ರಕಾಶಕರೊಬ್ಬರಿಗೆ ತೋರಿಸಿದೆ. “ಎಷ್ಟು ಪ್ರತಿ ಹೋದೀತು, ಸಾರ್?” ಎಂದರು. ಇನ್ನೂರು ಹೋಗಬಹುದು ಎಂದೆ. ಕವನಸಂಕಲನವಾದರೂ ಅಷ್ಟು ಹೋಗುತ್ತದೆ ಎಂದು ಹಿಂದಕ್ಕೆ ಕೊಟ್ಟರು. ವಿಶ್ವವಿದ್ಯಾಲಯವೊಂದರ ಪ್ರಸಾರಾಂಗಕ್ಕೆ ಬರೆದಿದ್ದೇನೆ, ಉತ್ತರ ಬರಬೇಕು. ಅಲ್ಲಿಯವರೆಗೆ ಬೇಕಾದವರು ಮನೆಗೆ ಬಂದು ನಕಲು ತೆಗೆದುಕೊಳ್ಳಬಹುದೆಂದು ಕಾಲೇಜಿನ ಸೂಚನಾಫಲಕದಲ್ಲಿ ಒಂದು ಚೀಟಿ ಅಂಟಿಸಿದೆ. ಹೋದ ಭಾನುವಾರ ಇಬ್ಬರು ಬಂದಿದ್ದರು. ಅವರಲ್ಲೊಬ್ಬಳಿಗೆ ಗೋತಾದ ಪುಟ ಬೇಕಾಗಿತ್ತು.